ನೀರಿನ ಹದ

ಪುಷ್ಪಾಗೆ ಹಲ್ಲು ಬಂದಾಗ ಅವಳ ಅವ್ವ ಕೆಂಪಕ್ಕ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಹಲ್ಲಿನಿಂದ ಕೂಸು ಮೊದಲು ಕಚ್ಚಿದ್ದು ತನ್ನ ಬೆರಳನ್ನೇ. ತೊಟ್ಟಿಲಲ್ಲಿ ಸದ್ದಿಲ್ಲ, ಅಳುವಿಲ್ಲ, ಎಂಥ ಜಾಣ ಕೂಸು ಎಂದುಕೊಂಡು ಕೆಂಪಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಂದು ನೋಡುತ್ತಾಳೆ, ಕೂಸಿನ ಬಾಯಿ, ಗಲ್ಲ, ಕುಲಾವಿ ಎಲ್ಲ ರಕ್ತ. ಕೂಸು ಅವ್ವನ ಮುಖ ನೋಡಿ ನಕ್ಕಿತು. ಬಲಗೈಯ ತೋರುಬೆರಳಿನ ತುದಿ ಇರಲಿಲ್ಲ. ಯಾವ ತಾಯಿಗೂ ಬೇಡಪ್ಪ ಅಂಥ ದಿನ.

ಬನ್ನಿಹಟ್ಟಿಯವರ ಬಾಯಿಗೆ ಬೀಗ ಹಾಕುವವರು ಯಾರು? ಗಾಳಿ ಸೋಕಿದೆ ಅಂದರು, ಶಾಪ ಅಂದರು, ಬಸುರಿಯಾಗಿದ್ದಾಗ ಏನೋ ತಿನ್ನಬಾರದ್ದು ತಿಂದಿದ್ದಾಳೆ ಅಂದರು. ಕೆಂಪಕ್ಕ ಯಾರ ಮಾತಿಗೂ ಕಿವಿಗೊಡದೆ ಗಂಡ ಬೈಲಪ್ಪನನ್ನು ಎಬ್ಬಿಸಿಕೊಂಡು ಕೂಸನ್ನು ದಾವಣಗೆರೆಗೆ ತಂದಳು. ಡಾಕ್ಟರು ಸೂಜಿಯಿಂದ ಕೂಸಿನ ಅಂಗಾಲು ಚುಚ್ಚಿದರು. ಕೂಸು ಡಾಕ್ಟರ ಕನ್ನಡಕಕ್ಕೆ ಕೈ ಹಾಕಿತು.

"ನಿಮ್ಮ ಯಜಮಾನ್ರು ಮದುವೆಗೆ ಮೊದಲು ನಿಮಗೆ ಏನಾಗಬೇಕಿತ್ತು?" ಎಂದು ಡಾಕ್ಟರು ಕೇಳಿದರು.

"ನಮ್ಮವ್ವನ ಖಾಸ ತಮ್ಮ, ಸಾ. ಸೋದರಮಾವ."

ಡಾಕ್ಟರು ತಿಳಿಯುವಂತೆ ಹೇಳಿದರು. ಇದು ವಂಶದಲ್ಲಿ ಬಂದದ್ದು. ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಅರ್ಧರ್ಧ ಅಡಗಿ ಕೂತಿತ್ತು, ಮಗಳಲ್ಲಿ ಎರಡೂ ಕೂಡಿತು. ಮುಟ್ಟಿದರೆ ಇವಳಿಗೆ ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ, ಸುಡುವುದು ಗೊತ್ತಾಗುವುದಿಲ್ಲ. ಔಷಧ ಇಲ್ಲ. ದೊಡ್ಡವಳಾದ ಮೇಲೆ ಸಂಬಂಧದೊಳಗೆ ಮಾತ್ರ ಕೊಡಬೇಡಿ.

ಬೈಲಪ್ಪನಿಗೆ ಜೀವ ಬಂದಂತಾಯಿತು. "ನೋವಾಗಲ್ಲ, ಅಷ್ಟೇನಾ ಸಾ? ಒಳ್ಳೇದೇ ಆತಲ್ಲ!" ಎಂದ. ಡಾಕ್ಟರು ಮುಂದಿನವರನ್ನು ಕರೆದರು.

ಒಳ್ಳೆಯದಂತೆ! ಬನ್ನಿಹಟ್ಟಿಯ ಹುಡುಗರಿಗೆ ನಿಜಕ್ಕೂ ಒಳ್ಳೆಯದಾಯಿತು. ಅವರಿಗೆ ಹೊಸ ಆಟಿಕೆ ಸಿಕ್ಕಿತು. ಜಾಲಿಮುಳ್ಳು ತಂದು ಪುಷ್ಪಾಳ ಕಾಲಿಗೆ ಚುಚ್ಚುವುದು, ಅವಳ ಮುಖ ನೋಡುವುದು, ಇನ್ನೂ ಒಳಗೆ ಚುಚ್ಚುವುದು. ಅವಳೂ ಬಗ್ಗಿ ನೋಡುತ್ತಿದ್ದಳು, ಇವರು ಏನು ಹುಡುಕುತ್ತಿದ್ದಾರೆ ಎಂದು. ದೊಡ್ಡವರೇನು ಕಡಿಮೆಯಿರಲಿಲ್ಲ. ಊರಿಗೆ ನೆಂಟರು ಬಂದರೆ ಅವಳನ್ನು ಕರೆಸಿ, ಬೀಡಿಯ ತುದಿಯನ್ನು ಮೊಣಕೈಗೆ ತಾಗಿಸಿ, "ನೋಡ್ರಿ, ಹೆಂಗೈತೆ ತಮಾಷೆ!" ಎಂದು ನಗುತ್ತಿದ್ದರು. ನಗುವುದು ಕಂಡು ಪುಷ್ಪಾಳೂ ನಗುತ್ತಿದ್ದಳು.

ಶಾಲೆಯಲ್ಲಿ ಒಬ್ಬ ಮೇಷ್ಟರು ಇದ್ದರು. ಹೊಡೆದರೆ ಹುಡುಗರು ಅಳಬೇಕು ಎನ್ನುವುದು ಅವರ ಲೆಕ್ಕ. ಪುಷ್ಪಾ ಅಳಲಿಲ್ಲ. ಸೊಕ್ಕು ಎಂದು ಇನ್ನೆರಡು ಬಿಟ್ಟರು, ಆಗಲೂ ಅಳಲಿಲ್ಲ. ಅವತ್ತು ಸಂಜೆ ಮಗಳ ಅಂಗೈ ನೋಡಿ ಕೆಂಪಕ್ಕ ಕೂತು ಪಾಠ ಹೇಳಿಕೊಟ್ಟಳು. "ಏಟು ಬೀಳುತ್ಲೇ ಅಯ್ಯವ್ವಾ ಅನ್ನು, ಮುಖ ಹಿಂಗೆ ಕಿವುಚು, ಕೈ ಹಿಂಗೆ ಒದರು." ಮರುದಿನ ಪುಷ್ಪಾ ಮೇಷ್ಟರು ಕೋಲು ಎತ್ತಿದಾಗಲೇ ಅಯ್ಯವ್ವಾ ಎಂದಳು. ಇಡೀ ತರಗತಿ ಗೊಳ್ಳೆಂದಿತು. ಅಣಕಿಸುತ್ತೀಯಾ ಎಂದು ಮೇಷ್ಟರು ಮತ್ತೆ ಬಾರಿಸಿದರು. ಸರಿಯಾದ ಗಳಿಗೆಗೆ ಅಯ್ಯವ್ವಾ ಅನ್ನುವುದನ್ನು ಕಲಿಯಲು ಅವಳಿಗೆ ಒಂದು ವರ್ಷವೇ ಹಿಡಿಯಿತು.

ದಿನಾ ಸಂಜೆ ಕೆಂಪಕ್ಕ ಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಬೆಳಕಿರುವಾಗಲೇ ಮೈಯೆಲ್ಲ ನೋಡುತ್ತಿದ್ದಳು. ಮುಳ್ಳು, ಗಾಜು, ಬೊಕ್ಕೆ, ಇರುವೆ ಕಚ್ಚಿದ್ದು, ಎಲ್ಲವನ್ನೂ ಕಣ್ಣಿನಿಂದಲೇ ಹುಡುಕಬೇಕು. ಒಮ್ಮೆ ಪಾದದ ಗಂಟಿನ ಎಲುಬು ಮುರಿದದ್ದು ಅವಳ ಕಣ್ಣಿಗೂ ಬೀಳಲಿಲ್ಲ. ಮುರಿದ ಕಾಲಿನಲ್ಲೇ ಪುಷ್ಪಾ ಶಾಲೆಗೆ ಹೋದಳು, ಕುಂಟೆಬಿಲ್ಲೆ ಆಡಿದಳು, ಮೇಕೆ ಹಿಂದೆ ಓಡಿದಳು. ಊತ ಮೊಣಕಾಲಿಗೆ ಏರಿದಾಗ ಗೊತ್ತಾಯಿತು. ಅಂದಿನಿಂದ ಅವಳು ಕುಂಟುತ್ತಾಳೆ. ಆದರೆ ಮೈ ನೋಡುವುದನ್ನು ಅವ್ವನಿಗಿಂತ ಚೆನ್ನಾಗಿ ಕಲಿತಳು. ತನ್ನದಷ್ಟೇ ಅಲ್ಲ, ಯಾರ ಮೈಯಾದರೂ ಸರಿ, ಎಲ್ಲಿ ಕೆಂಪಾಗಿದೆ, ಎಲ್ಲಿ ಬಾತಿದೆ, ಯಾರು ಯಾವ ಕಾಲಿಗೆ ಭಾರ ಕೊಡುತ್ತಿಲ್ಲ, ಅವಳ ಕಣ್ಣಿಗೆ ಮೊದಲು ಬೀಳುತ್ತಿತ್ತು.

ಅವಳಿಗೆ ಬಗ್ಗದೇ ಹೋದದ್ದು ಒಂದೇ ಮಾತು, ಹದ. ಮುದ್ದೆಯ ಹಿಟ್ಟಿಗೆ ಹದ, ಹೆಂಚಿಗೆ ಹದ, ಸ್ನಾನದ ನೀರಿಗೆ ಹದ.

"ಹದ ಅಂದ್ರೆ ಏನವ್ವಾ?"

"ಕೈ ಇಟ್ರೆ ಗೊತ್ತಾಗ್ತೈತೆ ಕಣೇ."

ಅವಳು ಕೈ ಇಡುತ್ತಿದ್ದಳು, ಏನೂ ಗೊತ್ತಾಗುತ್ತಿರಲಿಲ್ಲ. ಕೈ ತೆಗೆದು ನೋಡಿದರೆ ಬೊಕ್ಕೆ ಎದ್ದಿರುತ್ತಿತ್ತು. ಕೊನೆಗೆ ಕೆಂಪಕ್ಕ ಕೈಮುಗಿದು, "ನೀರು, ಬೆಂಕಿ ಎರಡೂ ನಿನ್ನ ಪಾಲಿಗಲ್ಲ. ಯಾರ ಕೈಲಾದ್ರೂ ನೋಡ್ಸು, ಆಮ್ಯಾಲೆ ಮುಟ್ಟು" ಎಂದಳು. ಪುಷ್ಪಾ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಯಾರೂ ಇದನ್ನು ನಂಬಲಿಲ್ಲ.

ಇಂಥವಳನ್ನು ಕೇಳಿಕೊಂಡು ಬಂದವಳು ಜಗಳೂರಿನ ದುರುಗಮ್ಮ. ಗಂಡ ಸತ್ತವಳು, ಗಟ್ಟಿ ಹೆಂಗಸು. ಮಗ ತಿಮ್ಮೇಶ ಟಾಟಾ ಏಸ್ ಇಟ್ಟುಕೊಂಡು ಸಂತೆಗಳಿಗೆ ಕುರಿ ಸಾಗಿಸುತ್ತಿದ್ದ. ಸಂಬಂಧವಲ್ಲ, ನೆಂಟಸ್ತಿಕೆಯಲ್ಲ, ದೂರದವರು. ಡಾಕ್ಟರು ಹೇಳಿದಂತೆಯೇ ಆಯಿತು ಎಂದು ಕೆಂಪಕ್ಕ ಖುಷಿಪಟ್ಟಳು. ಕುಂಟಿಯನ್ನು ಯಾಕೆ ತಂದುಕೊಂಡೆ ಎಂದು ಕೇಳಿದವರಿಗೆ ದುರುಗಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು: "ಅವಳಿಗೆ ನೋವೇ ಇಲ್ವಲ್ರೀ. ಸೊಂಟ ನೋವು, ಬೆನ್ನು ನೋವು ಅಂತ ಒಂದಿನ ಮಲಗಂಗಿಲ್ಲ. ಇಂಥ ಸೊಸೆ ಯಾರಿಗೆ ಸಿಗ್ತಾಳೆ?" ಅದು ನಿಜವೂ ಆಯಿತು. ಮೆಕ್ಕೆಜೋಳದ ಮೂಟೆ ಹೊರುವುದು, ಕುರಿದೊಡ್ಡಿ ಬಳಿಯುವುದು, ಬಸುರಿಯಾದ ಮೇಲೂ ಕೊಡ ಹೊರುವುದು ನಿಲ್ಲಲಿಲ್ಲ. ನೋವಿಲ್ಲದವಳಿಗೆ ದಣಿವೂ ಇಲ್ಲ ಎಂದು ಆ ಮನೆಯಲ್ಲಿ ಯಾರು ತೀರ್ಮಾನ ಮಾಡಿದರೋ!

ಹೆರಿಗೆ ತವರಿನ ಕಡೆಯೇ ಆಯಿತು. ಬೇನೆ ತಿನ್ನದೆ ಹೆತ್ತವಳನ್ನು ನೋಡಲು ವಾರ್ಡಿನ ಹೆಂಗಸರು ಸಾಲುಗಟ್ಟಿದರು. ಪುಷ್ಪಾಗೆ ಅವರ ಮೇಲೆ ಗಮನವಿರಲಿಲ್ಲ. ಕೂಸು ಅಳುತ್ತಿತ್ತು. "ಸಿಸ್ಟರ್, ಇದು ಹಸಿವಿಗೆ ಅಳ್ತೈತಾ, ನೋವಿಗೆ ಅಳ್ತೈತಾ?" ಎಂದು ಬಂದುಹೋಗುವವರನ್ನೆಲ್ಲ ಕೇಳಿದಳು. ಗಂಡ ಬೇರೆ ವಂಶದವನು, ಕೂಸಿಗೆ ಇದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೇಳಿದರೆ ಸಾಕೇ? ಕಿವಿಯಾರೆ ಕೇಳಬೇಕು.

ಕೇಳಿದ್ದು ಲಸಿಕೆ ಹಾಕಿಸಿದ ದಿನ. ತೊಡೆಗೆ ಸೂಜಿ ಹೋದದ್ದೇ ತಡ, ಕೂಸು ಉಸಿರು ಕಟ್ಟುವ ಹಾಗೆ ಚೀರಿತು. ಬೇರೆ ತಾಯಂದಿರು ಕಣ್ಣು ಮುಚ್ಚಿಕೊಂಡರು. ಪುಷ್ಪಾ ಚಪ್ಪಾಳೆ ತಟ್ಟಿ ನಕ್ಕಳು. ಅತ್ತಿತು! ನನ್ನ ಮಗಳಿಗೆ ನೋವಾಯಿತು! ಅವಳು ಕುಂಟುತ್ತ ಹೋಗಿ ಬಾಳೆಹಣ್ಣು ತಂದು ಅಲ್ಲಿದ್ದವರಿಗೆಲ್ಲ ಹಂಚಿದಳು. "ಥೂ, ಇವಳೆಂಥ ತಾಯಿ" ಎಂದು ಒಬ್ಬಳು ಹಣ್ಣು ಸುಲಿದು ತಿಂದಳು. ಮಗಳಿಗೆ ಸಿಂಚನ ಎಂದು ಹೆಸರಿಟ್ಟರು. ಅಂದಿನಿಂದ ಸಿಂಚನ ಅತ್ತಾಗಲೆಲ್ಲ ಪುಷ್ಪಾಳ ಎದೆ ಹಗುರಾಗುತ್ತಿತ್ತು.

ಐದು ತಿಂಗಳು ಕೂಸಿಗೆ ನೀರು ಎರೆದವಳು ಕೆಂಪಕ್ಕ. ನಮ್ಮ ಕಡೆ ಎಳೆಗೂಸಿಗೆ ನೀರು ಎರೆಯುವುದೆಂದರೆ ಸಣ್ಣ ಕೆಲಸವಲ್ಲ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲಿನ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಸುರಿದು ಸುರಿದು ನೀವಬೇಕು. ಪುಷ್ಪಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ ಮಗಳನ್ನು ತನ್ನ ಕಾಲ ಮೇಲೆ ಹಾಕಿಕೊಂಡು ನೀರು ಎರೆಯಬೇಕು ಎಂಬ ಆಸೆ ಅವಳನ್ನು ತಿನ್ನುತ್ತಿತ್ತು. ಕೆಂಪಕ್ಕ ಬಿಡಲಿಲ್ಲ. ಗಂಡನ ಮನೆಗೆ ಕಳಿಸುವಾಗಲೂ ಅದನ್ನೇ ಹೇಳಿದಳು: "ನೀರು ಮಾತ್ರ ನೀನು ನೋಡ್ಬ್ಯಾಡ. ನಿಮ್ಮತ್ತೆ ಕೈಲೇ ನೋಡ್ಸು."

ದುರುಗಮ್ಮ ಆಗತಾನೇ ಚನ್ನಗಿರಿ ಕಡೆಯಿಂದ ಬಂದಿದ್ದಳು. ವರ್ಷಾ ವರ್ಷಾ ಅಡಿಕೆ ಸುಗ್ಗಿಗೆ ಉಬ್ರಾಣಿಯ ಹತ್ತಿರದ ಒಂದು ಕಣಕ್ಕೆ ಅಡಿಕೆ ಬೇಯಿಸುವ ಕೆಲಸಕ್ಕೆ ಹೋಗುವುದು ಅವಳ ರೂಢಿ. ಮೊಮ್ಮಗಳನ್ನು ಕಂಡು ಮುದ್ದಾಡಿದಳು, ದೃಷ್ಟಿ ತೆಗೆದಳು. ಅವಳ ಪ್ರೀತಿ ಸುಳ್ಳೇನಲ್ಲ. ಮರುದಿನ ಬೆಳಿಗ್ಗೆ ಹಂಡೆಗೆ ಉರಿ ಹಾಕಿ, "ನನ್ನ ಮಂಡಿ ಮಡಚಾಕೆ ಬರವಲ್ದು, ಕೆಳಗೆ ಕುಂತ್ರೆ ಏಳಾಕೇ ಆಗಲ್ಲ. ಕೂಸನ್ನ ನೀನೇ ಕಾಲ ಮ್ಯಾಲೆ ಹಾಕ್ಕೋ. ನಾನು ಸ್ಟೂಲ್ ಮ್ಯಾಲೆ ಕುಂತು ನೀರು ಹೊಯ್ತೀನಿ" ಎಂದಳು.

ಪುಷ್ಪಾಗೆ ಹಿಗ್ಗು ತಡೆಯಲಿಲ್ಲ. ಸೀರೆ ಎತ್ತಿ ಕಟ್ಟಿದಳು, ಕಾಲು ನೀಡಿ ಕೂತಳು, ಮಗಳನ್ನು ಮೇಲೆ ಹಾಕಿಕೊಂಡಳು. ಆದರೂ ಅವ್ವನ ಮಾತು ಮರೆಯಲಿಲ್ಲ.

"ಅತ್ತೆ, ನೀರು ಹದ ಐತಾ ನೋಡ್ರಿ."

ದುರುಗಮ್ಮ ತಣ್ಣೀರು ಬೆರೆಸಿ, ಕೈಯನ್ನು ಮಣಿಕಟ್ಟಿನವರೆಗೆ ಅದ್ದಿ ತಿರುವಿದಳು. "ಹದ ಐತೆ" ಎಂದಳು.

ಯಾವ ಕೈ ಅದು? ಇಪ್ಪತ್ತು ಸುಗ್ಗಿ ಹಂಡೆಯಲ್ಲಿ ಕುದಿಯುವ ಚೊಗರು ನೀರಿನಿಂದ ಬಸಿದ ಅಡಿಕೆಯನ್ನು ಹೊಗೆಯಾಡುವಾಗಲೇ ಚಾಪೆಗೆ ಹರವಿದ ಕೈ. ಕಪ್ಪಾಗಿ, ದಪ್ಪಗಟ್ಟಿ, ಎಮ್ಮೆ ಚರ್ಮವಾದ ಕೈ. ಅದು ತನ್ನ ಅಳತೆಗೆ ಹದ ಎಂದಿತು. ಅವಳಿಗೆ ಅದು ಗೊತ್ತಿರಲಿಲ್ಲ, ತನ್ನ ಕೈ ತನಗೆ ಸರಿಯಾಗಿಯೇ ಇತ್ತು. ಆ ಬಚ್ಚಲಲ್ಲಿ ಬಿಸಿ ಗೊತ್ತಾಗುವ ಮೈ ಇದ್ದದ್ದು ಒಂದೇ, ಅದಕ್ಕೆ ಇನ್ನೂ ಮಾತು ಬಂದಿರಲಿಲ್ಲ.

ಮೊದಲ ತಂಬಿಗೆ ಬೆನ್ನ ಮೇಲೆ ಬಿದ್ದಾಗಲೇ ಸಿಂಚನ ಚೀರಿದಳು.

"ಅಳ್ಲಿ ಬಿಡು, ನೀರು ಎರಿಯೋವಾಗ ಅಳದಿರೋ ಕೂಸು ಯಾವೂರಾಗೈತೆ?" ಎಂದಳು ದುರುಗಮ್ಮ, ಇನ್ನೊಂದು ತಂಬಿಗೆ ಹೊಯ್ದಳು. ಪುಷ್ಪಾ ನಗುತ್ತಿದ್ದಳು. ಅಳು ಕಂದಾ, ಅಳು ನನ್ನವ್ವಾ, ಎಷ್ಟು ಚೆಂದ ಅಳುತ್ತೀಯ! ಹಾಗೆನ್ನುತ್ತ, ಒದ್ದಾಡುವ ಮಗಳು ಜಾರದಂತೆ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಬೆನ್ನು ನೀವಿದಳು. ಮತ್ತೊಂದು ತಂಬಿಗೆ ಬಿತ್ತು. ಆಮೇಲೆ ಕೂಸು ಚೀರುವುದನ್ನು ಬಿಟ್ಟು ನಡುಗತೊಡಗಿತು. ಪುಷ್ಪಾಳ ಹೆಬ್ಬೆರಳಿನ ಕೆಳಗೆ ಮಗಳ ತೊಡೆಯ ಚರ್ಮ ಜರುಗಿತು.

ಸುಟ್ಟದ್ದನ್ನು ಮೊದಲು ಕಂಡವಳು ಅವಳೇ. "ಅತ್ತೆ! ಸುಟ್ಟೈತೆ! ನೀರು ನಿಲ್ಸ್ರಿ!" ಎಂದು ಅವಳು ಕೂಗಿದ್ದು ಬೀದಿಗೆ ಕೇಳಿತು. ಎತ್ತಿದ ತಂಬಿಗೆ ಹಿಡಿದುಕೊಂಡೇ ದುರುಗಮ್ಮ, "ಎಣ್ಣೆ ಹಚ್ಚಿದ್ದಕ್ಕೆ ಕೆಂಪಾಗೈತೆ, ಕೂಗ್ಬ್ಯಾಡ" ಎಂದಳು. ಆಮೇಲೆ ಬಗ್ಗಿ ನೋಡಿ ತಂಬಿಗೆ ಕೆಳಗೆ ಹಾಕಿದಳು.

ಜಗಳೂರಿನ ಆಸ್ಪತ್ರೆಯಿಂದ ದಾವಣಗೆರೆಗೆ ಕಳಿಸಿದರು. ಬೆನ್ನು, ತೊಡೆ ಎಲ್ಲ ಪಟ್ಟಿ. ಜೀವಕ್ಕೆ ಭಯವಿಲ್ಲ, ಕಲೆ ಉಳಿಯುತ್ತದೆ ಎಂದರು. ಡಾಕ್ಟರಮ್ಮ ಹೇಗಾಯಿತೆಂದು ಕೇಳಿದಾಗ ದುರುಗಮ್ಮ ಅಳುತ್ತ ಹೇಳಿದಳು: "ನೀರು ಹದ ಇತ್ತು ಮೇಡಂ, ಕೈ ಇಟ್ಟು ನೋಡೀನಿ. ಕೂಸು ಇವಳ ಕಾಲ ಮ್ಯಾಲಿತ್ತು. ಇವಳಿಗೆ ಸುಡೋದು ಗೊತ್ತಾಗಲ್ಲ ಮೇಡಂ, ಹುಟ್ಟಿದಾಗಿಂದ." ಅದರಲ್ಲಿ ಬೇಕೆಂದು ಹೇಳಿದ ಸುಳ್ಳು ಒಂದೂ ಇಲ್ಲ. ಡಾಕ್ಟರಮ್ಮ ಪುಷ್ಪಾಳ ಸೀರೆ ಸರಿಸಿ ನೋಡಿದರು. ಅವಳ ಎರಡೂ ಕಾಲಿನ ಮೇಲೆ ದೊಡ್ಡ ದೊಡ್ಡ ಬೊಕ್ಕೆಗಳೆದ್ದು ಒಡೆದು ನೀರು ಸೋರುತ್ತಿತ್ತು. ಮಗಳ ಗಾಬರಿಯಲ್ಲಿ ಅವಳು ಅವತ್ತು ತನ್ನ ಮೈ ನೋಡಿಕೊಂಡಿರಲಿಲ್ಲ. ಇನ್ನೇನು ಸಾಕ್ಷಿ ಬೇಕು?

"ಅತ್ತೇನೇ ನೀರು ನೋಡಿದ್ದು, ಅತ್ತೇನೇ ಹೊಯ್ದದ್ದು" ಎಂದು ಪುಷ್ಪಾ ಅಂದಳು. ಅಲ್ಲಿದ್ದವರು ಕೇಳಿಸಿಕೊಂಡರು, ಅಷ್ಟೇ. "ಇನ್ಮೇಲೆ ಮೊಣಕೈ ಅದ್ದಿ ನೋಡಬೇಕು, ಅಂಗೈ ಅಲ್ಲ. ಮತ್ತೆ ನೀವಂತೂ ಮಗೂನ ಬಿಸಿ ಹತ್ರ ತರಲೇಬೇಡಿ" ಎಂದು ನರ್ಸ್ ಹೇಳಿಹೋದಳು. ಪಕ್ಕದ ಹಾಸಿಗೆಯವಳು ಯಾವುದಕ್ಕೂ ಇರಲಿ ಎಂದು ತಲೆಯ ಪಿನ್ನು ತೆಗೆದು ಪುಷ್ಪಾಳ ತೋಳಿಗೆ ಹಿಂದಿನಿಂದ ಚುಚ್ಚಿ ನೋಡಿದಳು.

ಸುದ್ದಿ ತಿಳಿದು ಕೆಂಪಕ್ಕ ಬಂದಳು. ಬಂದವಳೇ ಮಗಳ ಕೆನ್ನೆಗೆ ಬಾರಿಸಿದಳು. "ನೀರು ನೋಡ್ಬ್ಯಾಡ ಅಂದಿರ್ಲಿಲ್ವೇನೇ ಮುಂಡೇದೆ?" ಏಟು ಬಿದ್ದ ಗಳಿಗೆಗೆ ಸರಿಯಾಗಿ ಪುಷ್ಪಾಳ ಬಾಯಿಂದ ಅಯ್ಯವ್ವಾ ಎಂದು ಬಂತು, ಅಷ್ಟು ಚೆನ್ನಾಗಿ ಕಲಿತಿದ್ದಳು. ಅವ್ವ ಕೂಡ ನಂಬಲಿಲ್ಲ ಎಂದ ಮೇಲೆ ಅವಳಿಗೇ ಅನುಮಾನ ಬಂತು. ನೀರು ಹದವೇ ಇತ್ತೇನೋ, ನನ್ನ ಕೈಯಲ್ಲೇ ಏನಾದರೂ ಕೇಡಿತ್ತೇನೋ ಎಂದು ಹಾಸಿಗೆಯ ಪಕ್ಕ ಕೂತು ತನ್ನ ಅಂಗೈಗಳನ್ನೇ ತಿರುಗಿಸಿ ನೋಡಿದಳು.

ಆ ಸಂಜೆ ತಿಮ್ಮೇಶ ಗೇಟಿನ ಹತ್ತಿರದ ಅಂಗಡಿಯಿಂದ ಟೀ ತಂದ. ಕುದಿಯುವ ಟೀ, ಸ್ಟೀಲ್ ಲೋಟ. ಟವೆಲ್ ಸುತ್ತಿ ಹಿಡಿದಿದ್ದರೂ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ, ಉಫ್ ಉಫ್ ಎನ್ನುತ್ತ ಬಂದು ಅವ್ವನಿಗೆ ಕೊಟ್ಟ. ದುರುಗಮ್ಮ ಲೋಟವನ್ನು ಬರಿಗೈಯಲ್ಲಿ ಬುಡಕ್ಕೆ ಹಿಡಿದುಕೊಂಡು, ಕೆಂಪಕ್ಕನ ಜೊತೆ ಮಾತಾಡುತ್ತ ನಿಂತಳು. ಊದಲೂ ಇಲ್ಲ, ಕೈ ಬದಲಾಯಿಸಲೂ ಇಲ್ಲ. ಪುಷ್ಪಾ ಆ ಕೈಯನ್ನು ನೋಡಿದಳು. ಬೇರೆಯವರ ಮೈ ನೋಡಿಯೇ ನೋವೇನೆಂದು ಕಲಿತವಳು ಅವಳು, ಆ ಕೈಯಲ್ಲಿ ಅದು ಇರಲಿಲ್ಲ. ತಲೆಯೆತ್ತಿದರೆ ತಿಮ್ಮೇಶನೂ ಅದನ್ನೇ ನೋಡುತ್ತಿದ್ದ.

ಅವಳು ಅವನನ್ನು ವರಾಂಡಕ್ಕೆ ಎಳೆದುಕೊಂಡು ಹೋದಳು. "ನೋಡಿದ್ರಲ್ಲ? ಅತ್ತೆ ಕೈಗೆ ಬಿಸಿ ಗೊತ್ತಾಗಲ್ಲ ರೀ. ನನ್ನಂಗೇ. ನಾನಲ್ಲ ರೀ ಸುಟ್ಟಿದ್ದು!"

ತಿಮ್ಮೇಶ ವಾರ್ಡಿನ ಬಾಗಿಲ ಕಡೆ ನೋಡಿಕೊಂಡ. ಆಮೇಲೆ ಮೆತ್ತಗೆ ಹೇಳಿದ. "ಗೊತ್ತಾತು. ಆದ್ರೆ ಅವ್ವಂಗೆ ಹೇಳಾಕಾಗಲ್ಲ ಪುಷ್ಪಾ. ಮೊಮ್ಮಗಳನ್ನ ತಾನೇ ಸುಟ್ಟೆ ಅಂತ ಗೊತ್ತಾದ್ರೆ ಅವಳು ಬದುಕಲ್ಲ. ನಿನಗೇನು, ನೋವಾಗಲ್ವಲ್ಲ. ನೀನೇ ಹೊತ್ಕಂಡ್ಬಿಡು."

ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಏಟು ಬಿದ್ದರೆ ಅಯ್ಯವ್ವಾ ಅನ್ನಬೇಕೆಂದು ಪುಷ್ಪಾಗೆ ಗೊತ್ತಿತ್ತು. ಇದಕ್ಕೆ ಏನೆನ್ನಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಹಂಗಾರೆ ಮುಂದೆ ನೀರು ಯಾರು ಎರೀತಾರೆ?"

"ಅವ್ವಾನೇ, ಸ್ಟೂಲ್ ಮ್ಯಾಲೆ ಕುಂತು. ಇನ್ಯಾರು?"

ಅವಳು ಒಳಗೆ ಓಡಿ ಎಲ್ಲರೆದುರು ಹೇಳಿದಳು, ಅತ್ತೆಯ ಕೈ ಹಿಡಿದು ತೋರಿಸಿದಳು. "ತನ್ನ ಪಾಪ ನನ್ನ ತಲೆಗೆ ಕಟ್ತಾಳಲ್ಲಪ್ಪೋ!" ಎಂದು ದುರುಗಮ್ಮ ಎದೆ ಬಡಿದುಕೊಂಡಳು. ಪುಷ್ಪಾ ಗಂಡನ ಕಡೆ ನೋಡಿದಳು. ತಿಮ್ಮೇಶ ಟೀ ಲೋಟ ವಾಪಸು ಕೊಡಲು ಹೊರಟ. ವಾರ್ಡಿನವರು ಛೀ ಥೂ ಎಂದರು. ಕೂಸು ತಾಯಿಯ ಹತ್ತಿರ ಇರುವುದು ಬೇಡ, ಪುಷ್ಪಾ ತವರಿಗೆ ಹೋಗಲಿ, ಕೂಸು ಅಜ್ಜಿಯ ಹತ್ತಿರ ಬೆಳೆಯಲಿ ಎಂದು ಅಲ್ಲೇ ತೀರ್ಮಾನವಾಯಿತು. ಕೆಂಪಕ್ಕನೂ ಹೂಂ ಎಂದಳು. ಮೊಮ್ಮಗಳು ಉಳಿದರೆ ಸಾಕಿತ್ತು ಅವಳಿಗೆ.

ಆಸ್ಪತ್ರೆಯಿಂದ ಬಿಟ್ಟ ದಿನ ಎಲ್ಲರೂ ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಬನ್ನಿಹಟ್ಟಿಯ ಬಸ್ಸು ನಿಂತಿತ್ತು. ಕೆಂಪಕ್ಕ ಮಗಳನ್ನು ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದಳು. ಕೆಳಗೆ ದುರುಗಮ್ಮನ ಹೆಗಲ ಮೇಲೆ ಸಿಂಚನ ಮಲಗಿದ್ದಳು, ಪಟ್ಟಿ ಕಟ್ಟಿದ ಬೆನ್ನಿನ ಮೇಲೆ ಆ ಕಪ್ಪು ಕೈ ಮೆಲ್ಲಗೆ ತಟ್ಟುತ್ತಿತ್ತು.

ಪುಷ್ಪಾ ಕಿಟಕಿಯಿಂದ ಗಂಡನ ಅಂಗಿ ಹಿಡಿದಳು. "ನೀವು ನೋಡ್ರಿ ನೀರು. ದಿನಾ ನೀವೇ ಕೈ ಇಟ್ಟು ನೋಡ್ರಿ. ಇನ್ನೇನೂ ಕೇಳಲ್ಲ."

"ನಾನು ಬೆಳಕು ಹರಿಯೋಕೆ ಮುಂಚೆ ಗಾಡಿ ತಗಂಡು ಹೋಗ್ತೀನಲ್ಲೇ" ಎಂದ ತಿಮ್ಮೇಶ.

ಅವಳು ಅವನನ್ನು ಬಿಟ್ಟು, ಅರ್ಧ ಮೈಯನ್ನು ಕಿಟಕಿಯಿಂದ ಆಚೆ ಚಾಚಿ ಅತ್ತೆಗೆ ಕೈಮುಗಿದಳು. "ಅತ್ತೆ, ನಿಮ್ಮ ಕಾಲು ಹಿಡಿತೀನಿ. ಅಂಗೈ ಬ್ಯಾಡ, ಮೊಣಕೈ ಅದ್ದಿ ಹದ ನೋಡ್ರಿ. ಮೊಣಕೈ, ಅತ್ತೆ!"

ದುರುಗಮ್ಮ ಸುತ್ತ ನಿಂತವರ ಕಡೆ ತಿರುಗಿದಳು. "ಕೇಳಿದ್ರೇನ್ರೀ? ಇವಳು ನನಗೆ ನೀರಿನ ಹದ ಹೇಳಿಕೊಡ್ತಾಳೆ!"

ಕೆಳಗಿದ್ದವರು ನಕ್ಕರು. ವಿಷಯ ಗೊತ್ತಿಲ್ಲದಿದ್ದರೂ ಬಸ್ಸಿನಲ್ಲಿದ್ದವರೂ ನಕ್ಕರು. ಕಂಡಕ್ಟರ್ ಪುಷ್ಪಾಳ ಭುಜ ಹಿಡಿದು ಒಳಗೆಳೆದು, "ಕುಂತ್ಕಳವ್ವಾ, ಕೈ ಗೀಯಿ ಮುರ್ಕಂಡೀಯ" ಎಂದು ರೈಟ್ ಹೇಳಿದ.